ಪ್ರಶ್ನೆ-ಉತ್ತರ: ಪರದೇಶದಲ್ಲಿ ಹುಷಾರು ತಪ್ಪಿದ್ರೆ ಬಿಲ್ ಯಾರು ಕಟ್ತಾರೆ?

ಹೋದ ಸಂಚಿಕೇಲಿ ಪೆನ್ಶನ್ ಬಗ್ಗೆ ಬರೆದಿದ್ದೆ, ಅದಕ್ಕೆ ಬಂದ ಪತ್ರ ನೋಡಿದ್ರೆ ಪೆನ್ಶನ್ ಕಥೆ ಯಾರಿಗೂ ಬೇಡ, ಎಲ್ಲರದ್ದೂ ಆಸ್ಪತ್ರೆ ಖರ್ಚಿಂದೇ ಚಿಂತೆ. ರಿಟೈರ್ ಆಗಿ ಮಕ್ಕಳ ಹತ್ರ ಹೊರಟವರು, ಅಲ್ಲೇ ಮುದುಕರಾಗಿ ಊರಿಗೆ ವಾಪಸ್ ಬಂದವರು, ಆರು ತಿಂಗಳು ಅಲ್ಲಿ ಆರು ತಿಂಗಳು ಇಲ್ಲಿ ಅಂತ ಓಡಾಡೋರು. ನಾನು ಇನ್ಶೂರೆನ್ಸ್ ಕಂಪನಿಲಿ ಕ್ಲೇಮ್ ಟೇಬಲ್ ಮುಂದೆ ಕೂತು ತಲೆ ಬೆಳ್ಳಗೆ ಮಾಡ್ಕೊಂಡವನು, ಅದಕ್ಕೆ ಸಂಪಾದಕರು ಈ ಕಟ್ಟು ನನ್ನ ಕಡೆಗೇ ತಳ್ಳಿದ್ದಾರೆ. ಐದು ಪತ್ರ ಆರಿಸ್ಕೊಂಡಿದೀನಿ. ಹೆಸರು ಹಾಕಿಲ್ಲ, ಊರು ಮಾತ್ರ.

ಪ್ರಶ್ನೆ: ನಮ್ಮ ಮಗ ಡಲ್ಲಾಸ್‌ನಾಗ ಇದ್ದಾನ್ರಿ, ಅಲ್ಲಿ ಸಿಟಿಜನ್ ಆಗ್ಯಾನ. ನಮ್ಮಿಬ್ಬರಿಗೂ ಗ್ರೀನ್ ಕಾರ್ಡ್ ಮಾಡಿಸ್ಯಾನ, ಬರೋ ತಿಂಗಳ ಹೊಂಟೀವಿ. ನನಗ 67, ನಮ್ಮ ಮನಿಯಾಕಿಗೆ 64. ನಾ ಹೈಸ್ಕೂಲ್ ಮಾಸ್ತರ ಆಗಿ ರಿಟೈರ್ ಆದಾಂವ. 65 ದಾಟಿದವರಿಗೆ ಅಲ್ಲಿ ಮೆಡಿಕೇರ್ ಪುಕ್ಕಟೆ ಅಂತ ಬಾಜೂ ಮನಿಯವ್ರು ಹೇಳ್ತಾರ, ಖರೇ ಏನ್ರಿ? ಹಂಗಿದ್ರ ಇಲ್ಲಿ ಪಾಲಿಸಿ ಬಂದ್ ಮಾಡಿಬಿಡ್ಲೇನು? — ಧಾರವಾಡ

ಉತ್ತರ: ಮಾಸ್ತರೇ, ಮೊದಲು ಕೊನೇ ಪ್ರಶ್ನೆಗೆ ಉತ್ತರ: ಬಂದ್ ಮಾಡ್ಬೇಡಿ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಬಾಜೂ ಮನೆಯವರು ಹೇಳಿದ್ದು ಅರ್ಧ ಸತ್ಯ. ಮೆಡಿಕೇರ್ ಅಂದ್ರೆ ಅಮೆರಿಕ ಸರ್ಕಾರ ಹಿರಿಯರಿಗೆ ಕೊಡೋ ಆರೋಗ್ಯ ವಿಮೆ. ಅದರ ಆಸ್ಪತ್ರೆ ಭಾಗ, ಅಂದ್ರೆ ಪಾರ್ಟ್ ಎ, ಪುಕ್ಕಟೆ ಸಿಗೋದು ಅಮೆರಿಕದಲ್ಲಿ ಸುಮಾರು ಹತ್ತು ವರ್ಷ ದುಡಿದು ತೆರಿಗೆ ಕಟ್ಟಿದವರಿಗೆ ಅಥವಾ ಅಂಥವರ ಗಂಡ ಹೆಂಡತಿಗೆ. ಮಗ ಇಪ್ಪತ್ತು ವರ್ಷ ದುಡಿದಿರಬಹುದು, ಆ ಲೆಕ್ಕ ಅಪ್ಪ ಅಮ್ಮನ ಖಾತೆಗೆ ಬರಲ್ಲ. ನಿಮ್ಮಂಥವರು ಗ್ರೀನ್ ಕಾರ್ಡ್ ಇಟ್ಕೊಂಡು ಅಲ್ಲಿ ಐದು ವರ್ಷ ಒಂದೇ ಸಮನೆ ವಾಸ ಮಾಡಿದ ಮೇಲೆ, 65 ಆಗಿದ್ರೆ, ದುಡ್ಡು ಕೊಟ್ಟು ಸೇರ್ಕೋಬಹುದು. 2025ರ ದರದಲ್ಲಿ ಪಾರ್ಟ್ ಎ ತಿಂಗಳಿಗೆ 518 ಡಾಲರ್, ಡಾಕ್ಟರ್ ಫೀಸಿನ ಪಾರ್ಟ್ ಬಿ 185 ಡಾಲರ್, ಒಟ್ಟು 703, ಅದೂ ಒಬ್ಬರಿಗೆ. ಒಂದೇ ಸಮನೆ ಅಂದೆ ನೋಡಿ, ಹಬ್ಬಕ್ಕೆ ಬಂದು ಹೋಗೋದು ಪರವಾಗಿಲ್ಲ, ವರ್ಷದಲ್ಲಿ ಎಂಟು ತಿಂಗಳು ಧಾರವಾಡದಲ್ಲಿ ಪೇಡಾ ತಿಂತಾ ಕೂತ್ರೆ ಆ ಐದು ವರ್ಷದ ಲೆಕ್ಕಕ್ಕೇ ಪೆಟ್ಟು ಬೀಳುತ್ತೆ.

ಹಾಗಾದ್ರೆ ಆ ಐದು ವರ್ಷ ಏನು ಗತಿ? ಮಾರ್ಕೆಟ್‌ಪ್ಲೇಸ್ ಪ್ಲ್ಯಾನ್, ಅಂದ್ರೆ ಸರ್ಕಾರದ ಜಾಲತಾಣದಲ್ಲಿ ಕೊಳ್ಳೋ ಖಾಸಗಿ ಆರೋಗ್ಯ ವಿಮೆ, ಅಲ್ಲಿನವರು ಒಬಾಮಾಕೇರ್ ಅಂತಾರಲ್ಲ ಅದು. ಅದರಲ್ಲಿ ದೊಡ್ಡ ಒಳ್ಳೇದು ಏನಂದ್ರೆ ಬಿಪಿ ಇದೆ ಶುಗರ್ ಇದೆ ಅಂತ ಪಾಲಿಸಿ ಕೊಡಲ್ಲ ಅನ್ನೋ ಹಾಗಿಲ್ಲ, ಅದಕ್ಕೆ ಜಾಸ್ತಿ ದುಡ್ಡು ಕೇಳೋ ಹಾಗೂ ಇಲ್ಲ. ಆದ್ರೆ ವಯಸ್ಸಿಗೆ ಜಾಸ್ತಿ ಹಾಕ್ತಾರೆ. ಅಮೆರಿಕಕ್ಕೆ ವಾಸಕ್ಕೆ ಬಂದು 60 ದಿನದೊಳಗೆ ಸೇರ್ಬೇಕು, ಇಲ್ಲಾಂದ್ರೆ ನವೆಂಬರ್‌ಗೆ ಮತ್ತೆ ಬಾಗಿಲು ತೆಗೆಯೋವರೆಗೂ ಕಾಯ್ಬೇಕು. ವಿಮಾನ ಇಳಿದ ವಾರವೇ ಮಗನ್ನ ಕೂರಿಸಿಕೊಂಡು ಈ ಕೆಲಸ ಮುಗಿಸಿ, ಡಿಸ್ನಿ ಎಲ್ಲಾ ಆಮೇಲೆ.

ಇನ್ನೊಂದು ಬದಲಾವಣೆ ಆಗಿದೆ, ಹಳೇ ವಾಟ್ಸಪ್ ಫಾರ್ವರ್ಡ್ ನಂಬ್ಬೇಡಿ. ಮೊದಲು ಕಮ್ಮಿ ಆದಾಯದ ಹೊಸ ಗ್ರೀನ್ ಕಾರ್ಡ್‌ನವರಿಗೂ ಈ ಪ್ಲ್ಯಾನಿಗೆ ಸಬ್ಸಿಡಿ ಸಿಗ್ತಿತ್ತು, ತಿಂಗಳಿಗೆ ಐದೋ ಹತ್ತೋ ಡಾಲರ್ ಕಟ್ಟಿದವರು ಇದ್ದಾರೆ. 2025ರ ಜುಲೈಲಿ ಬಂದ ಕಾನೂನಿನಿಂದ, 2026ರ ಜನವರಿಯಿಂದ ಬಡತನ ರೇಖೆಗಿಂತ ಕೆಳಗಿನ ಆದಾಯದವರಿಗೆ ಆ ಸಬ್ಸಿಡಿ ಇಲ್ಲ. ಇಬ್ಬರ ಸಂಸಾರಕ್ಕೆ ಆ ರೇಖೆ 2025ರ ಲೆಕ್ಕದಲ್ಲಿ ವರ್ಷಕ್ಕೆ 21,150 ಡಾಲರ್. ನಿಮ್ಮ ಪೆನ್ಶನ್, ಬ್ಯಾಂಕ್ ಬಡ್ಡಿ ಎಲ್ಲಾ ಸೇರಿಸಿ ಲೆಕ್ಕ ಹಾಕಿ, ಅಲ್ಲಿ ತೆರಿಗೆ ಲೆಕ್ಕಕ್ಕೆ ಇಂಡಿಯಾ ಆದಾಯವೂ ಬರುತ್ತೆ. ಮಗ ತನ್ನ ಟ್ಯಾಕ್ಸಲ್ಲಿ ನಿಮ್ಮನ್ನ ಅವಲಂಬಿತರು ಅಂತ ತೋರಿಸಿದ್ರೆ ಮಾತ್ರ ಅವನ ಸಂಬಳವೂ ಕೂಡಿ ಲೆಕ್ಕ ಬೇರೆಯಾಗುತ್ತೆ, ಅದು ನಿಮಗೆ ಲಾಭವೋ ನಷ್ಟವೋ ಅಂತ ಅಲ್ಲಿನ ಟ್ಯಾಕ್ಸ್ ನೋಡೋರ ಹತ್ರ ಮೊದಲೇ ಕೇಳ್ಬೇಕು.

ಈಗ ಇಲ್ಲಿನ ಪಾಲಿಸಿ ವಿಷ್ಯ. ನಮ್ಮ ಅಣ್ಣಂದೇ ಕಥೆ ಹೇಳ್ತೀನಿ. ಹನ್ನೆರಡು ವರ್ಷ ಒಂದೂ ಕ್ಲೇಮ್ ಮಾಡದೆ ಪಾಲಿಸಿ ಕಟ್ಕೊಂಡು ಬಂದಿದ್ದ. ಮೊಮ್ಮಗು ಬಾಣಂತನ ಅಂತ ಅತ್ತಿಗೆ ಜೊತೆ ಒಂಬತ್ತು ತಿಂಗಳು ಸಿಯಾಟಲ್‌ಗೆ ಹೋದ. ಬೀಗ ಹಾಕಿದ ಮನೆ, ಗೇಟಿನ ಡಬ್ಬಿಲಿ ಕೇಬಲ್ ಬಿಲ್ಲು, ಮದುವೆ ಕಾಗದ, ಅದರ ಕೆಳಗೆ ರಿನೀವಲ್ ನೋಟೀಸು, ಮಳೆಗೆ ನೆನೆದು ಒಂದಕ್ಕೊಂದು ಅಂಟಿಕೊಂಡು ಹಪ್ಪಳ ಆಗಿತ್ತು. ಇಲ್ಲಿನ ಸಿಮ್ಮಿಗೆ ರೀಚಾರ್ಜ್ ಮಾಡಿರಲಿಲ್ಲ, ಎಸ್ಸೆಮ್ಮೆಸ್ಸೂ ಬರಲಿಲ್ಲ. ಕಟ್ಟೋಕೆ ಕೊಡೋ 30 ದಿನದ ಗ್ರೇಸ್ ಪೀರಿಯಡ್ ಯಾವಾಗ ಬಂತೋ ಯಾವಾಗ ಹೋಯ್ತೋ. ಊರಿಗೆ ಬಂದು ಹೊಸದಾಗಿ ತಗೊಂಡ, ಹಳೇ ಕಾಯಿಲೆಗೆ ದುಡ್ಡು ಕೊಡೋಕೆ ಮುಂಚೆ ಕಂಪನಿ ಹಾಕೋ ಕಾಯೋ ಅವಧಿ ಮತ್ತೆ ಸೊನ್ನೆಯಿಂದ ಶುರು, ಮರುವರ್ಷವೇ ಎರಡು ಸ್ಟೆಂಟು. ಎಲ್ಲಾ ಕೈಯಿಂದ. ಕ್ಲೇಮ್ ಟೇಬಲ್ಲಲ್ಲಿ ಕೂತ ತಮ್ಮ ಇದ್ದೂ ಹೀಗಾಯ್ತು, ನಾನೂ ಕೇಳ್ಲಿಲ್ಲ ಅವನೂ ಹೇಳ್ಲಿಲ್ಲ.

ಅದಕ್ಕೆ ಹೇಳೋದು, ಆ ದಡ ಕಾಲಿಗೆ ಸಿಗೋವರೆಗೂ ಈ ದಡದ ಹಗ್ಗ ಬಿಡ್ಬೇಡಿ. ಪ್ರೀಮಿಯಂ ಅಕೌಂಟಿಂದ ತಾನೇ ಕಟ್ ಆಗೋ ಹಾಗೆ ಮಾಡಿ, ಮಗನ ಈಮೇಲ್ ಕೊಡಿ, ಪಾಲಿಸಿ ಮುಗಿಯೋ ತಾರೀಖು ಅಲ್ಲಿನ ಫ್ರಿಜ್ ಬಾಗಿಲಿಗೆ ಬರೆದು ಅಂಟಿಸಿ. ಎಷ್ಟೋ ಜನ ಗ್ರೀನ್ ಕಾರ್ಡ್ ತಗೊಂಡು ಹೋದವರು ಎರಡು ಚಳಿಗಾಲ ಕಂಡು ವಾಪಸ್ ಬಂದಿದ್ದಾರೆ.

ಪ್ರಶ್ನೆ: 29 ವರ್ಷ ದೋಹಾದಲ್ಲಿ ದುಡಿದು ಈಗ ಊರಿಗೆ ಬಂದಾಯ್ತು. ವಯಸ್ಸು 61, ಶುಗರ್ 12 ವರ್ಷದಿಂದ ಉಂಟು, ಮಾತ್ರೆಯಲ್ಲೇ ಕಂಟ್ರೋಲ್. ಅಲ್ಲಿ ಎಲ್ಲ ಕಂಪನಿ ಕಾರ್ಡಲ್ಲೇ ಆಗ್ತಿತ್ತು, ಇಲ್ಲಿ ಒಂದು ಪಾಲಿಸಿ ಕೂಡ ಮಾಡಿಟ್ಟಿರಲಿಲ್ಲ. ಈಗ ಏಜೆಂಟ್ ಒಬ್ಬರು ಫಾರ್ಮಲ್ಲಿ ಶುಗರ್ ಬರೀಬೇಡಿ, ನಾನು ಮ್ಯಾನೇಜ್ ಮಾಡ್ತೇನೆ ಅಂತಾರೆ. ಮಾಡಬಹುದಾ? ಮಧ್ಯೆ ಒಮ್ಮೆ ಊರಿಗೆ ಬಂದು ಹೋಗುವಾಗ ಪ್ರವಾಸಿ ವಿಮೆ ಅಂತ ಒಂದು ಮಾಡಿಸಿದ್ದೆ, ಅದು ಈಗ ನಡೀತದಾ? — ಕುಂದಾಪುರ

ಉತ್ತರ: ಮಾರಾಯ್ರೇ, ಆ ಏಜೆಂಟ್ ಮ್ಯಾನೇಜ್ ಮಾಡೋದು ತನ್ನ ಕಮಿಷನ್ನು, ನಿಮ್ಮ ಕ್ಲೇಮಲ್ಲ. ನನ್ನ ಟೇಬಲ್ಲಿಗೆ ಬಂದ ಫೈಲಿನಲ್ಲಿ ನಾವು ಮೊದಲು ತೆಗೆದು ನೋಡ್ತಿದ್ದಿದ್ದು ಡಿಸ್ಚಾರ್ಜ್ ಸಮ್ಮರಿಯ ಎರಡನೇ ಪ್ಯಾರಾ. ಆಸ್ಪತ್ರೆಲಿ ಜೂನಿಯರ್ ಡಾಕ್ಟ್ರು ಕೇಳ್ತಾರೆ, ಎಷ್ಟು ವರ್ಷದಿಂದ ಶುಗರ್ ಅಂತ, ಕಾಯಿಲೆಯವರು ಸತ್ಯವನ್ನೇ ಹೇಳ್ತಾರೆ, ಅವರು ಹಾಗೇ ಬರೀತಾರೆ: ಹನ್ನೆರಡು ವರ್ಷದಿಂದ. ಅಲ್ಲಿಗೆ ಮುಗೀತು. ಸತತ ಐದು ವರ್ಷ ಪಾಲಿಸಿ ನಡೆಸಿದ ಮೇಲೆ ಕಂಪನಿ ಮುಚ್ಚಿಟ್ಟ ವಿಷ್ಯ ಕೆದಕೋ ಹಾಗಿಲ್ಲ ಅಂತ ನಿಯಮ ಇದೆ ನಿಜ, ಆದ್ರೆ ವಂಚನೆ ಅಂತ ಸಾಬೀತಾದ್ರೆ ಅದಕ್ಕೂ ರಕ್ಷಣೆ ಇಲ್ಲ. ಬರೀರಿ, ಮಾತ್ರೆ ಹೆಸರು ಸಮೇತ ಬರೀರಿ.

ಬರೆದ್ರೆ ಏನಾಗುತ್ತೆ? ಸ್ವಲ್ಪ ಪ್ರೀಮಿಯಂ ಏರಬಹುದು, ಶುಗರ್‌ಗೆ ಸಂಬಂಧಪಟ್ಟಿದ್ದಕ್ಕೆ ಕಾಯೋ ಅವಧಿ ಇರುತ್ತೆ, ಅದು ಈಗ ಹೆಚ್ಚೆಂದ್ರೆ ಮೂರು ವರ್ಷ, ಮೊದಲು ನಾಲ್ಕಿತ್ತು. 65 ದಾಟಿದವರಿಗೆ ಹೊಸ ಪಾಲಿಸಿ ಕೊಡಲ್ಲ ಅನ್ನೋ ಕಾಲವೂ 2024ಕ್ಕೆ ಮುಗೀತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ, ಮೊದಲು 18 ಪರ್ಸೆಂಟ್ ಇತ್ತು. ಹಿರಿಯರ ಪ್ರೀಮಿಯಂ ವರ್ಷಕ್ಕೆ ಹತ್ತು ಪರ್ಸೆಂಟ್‌ಗಿಂತ ಜಾಸ್ತಿ ಏರಿಸ್ಬೇಕಾದ್ರೆ ಕಂಪನಿಯವರು ವಿಮಾ ನಿಯಂತ್ರಕರಾದ ಐಆರ್‌ಡಿಎಐ ಹತ್ರ ಮೊದಲು ಮಾತಾಡ್ಬೇಕು, ಇದೂ 2025ರದ್ದು. ಅಂದ್ರೆ ತಡವಾಗಿದೆ, ಬಾಗಿಲು ಮುಚ್ಚಿಲ್ಲ.

ಅಗ್ಗದ ದಾರಿ ಅಂದ್ರೆ ಐದು ಲಕ್ಷದ್ದೊಂದು ಮೂಲ ಪಾಲಿಸಿ, ಅದರ ಮೇಲೆ ಐದು ಲಕ್ಷ ದಾಟಿದ್ದಕ್ಕೆ ಸೂಪರ್ ಟಾಪ್ ಅಪ್. ದೊಡ್ಡ ಮೊತ್ತದ ಒಂದೇ ಪಾಲಿಸಿಗಿಂತ ಇದು ಸಾಮಾನ್ಯವಾಗಿ ಕಮ್ಮಿಗೆ ಬೀಳುತ್ತೆ. ಆದ್ರೆ ರೂಮ್ ಬಾಡಿಗೆ ಮಿತಿ ಇದೆಯಾ ಅಂತ ನೋಡಿ. ದಿನಕ್ಕೆ 5,000 ಅಂತ ಇದ್ದು ನೀವು 10,000ದ ರೂಮಿಗೆ ಹೋದ್ರಿ ಅಂದ್ಕೊಳ್ಳಿ, ಬರೀ ರೂಮಿನ ಐದು ಸಾವಿರ ಕೈಯಿಂದ ಹೋಗುತ್ತೆ ಅನ್ಕೋತೀರ, ಹಾಗಲ್ಲ, ಎಷ್ಟೋ ಪಾಲಿಸಿಲಿ ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್ ಚಾರ್ಜು ಎಲ್ಲದರಲ್ಲೂ ಅದೇ ಲೆಕ್ಕಕ್ಕೆ ಅರ್ಧ ಕತ್ತರಿಸ್ತಾರೆ. ಕೌಂಟರಲ್ಲಿ ಜಗಳ ಆಗೋದೆಲ್ಲಾ ಇದಕ್ಕೇ.

ಪ್ರವಾಸಿ ಭಾರತೀಯ ಬಿಮಾ ಯೋಜನೆ ಕೆಲಸಕ್ಕೆ ಹೋಗೋರಿಗೆ, ಮುಖ್ಯವಾಗಿ ಅಪಘಾತಕ್ಕೆ ಹತ್ತು ಲಕ್ಷ. ಎರಡೋ ಮೂರೋ ವರ್ಷದ ಅವಧಿ ಅದು, ಮುಗಿದಿರುತ್ತೆ, ಮರ್ತುಬಿಡಿ. ಇದನ್ನ ಓದ್ತಿರೋ ಗಲ್ಫಿನವರಿಗೆ ಒಂದು ಮಾತು: ಎನ್‌ಆರ್‌ಐ ಆಗಿದ್ದೂ ಇಲ್ಲಿನ ಪಾಲಿಸಿ ತಗೋಬಹುದು, ರಜಕ್ಕೆ ಬಂದಾಗ ಮೆಡಿಕಲ್ ಟೆಸ್ಟ್ ಕೊಟ್ಟು ಹೋಗಿ. ಕೆಲಸದ ಕೊನೇ ಮೂರು ವರ್ಷ ಅಲ್ಲಿ ಕಂಪನಿ ಕಾರ್ಡ್ ಇರೋವಾಗಲೇ ಇಲ್ಲಿ ಕಾಯೋ ಅವಧಿ ಸವೆದು ಹೋಗುತ್ತೆ. ಕಂಪನಿ ಕಾರ್ಡು ವೀಸಾ ಕ್ಯಾನ್ಸಲ್ ಆದ ದಿನ ಬರೀ ಪ್ಲಾಸ್ಟಿಕ್ಕು.

ಪ್ರಶ್ನೆ: ನಾನು ಟೊರೊಂಟೊ ಹತ್ರ ಇದೀನಿ. ಅಮ್ಮನಿಗೆ 72, ಶಿವಮೊಗ್ಗದಲ್ಲಿ ಒಬ್ಬರೇ ಇದಾರೆ, ಕೆನಡಾದಲ್ಲಿರೋ ಮಕ್ಕಳ ಹತ್ರ ಬರೋ ಅಪ್ಪ ಅಮ್ಮಂದಿರಿಗೆ ಕೊಡೋ ಸೂಪರ್ ವೀಸಾ ಮಾಡಿಸ್ತಿದೀವಿ. ಇನ್ಶೂರೆನ್ಸ್ ರೇಟ್ ಕೇಳಿ ತಲೆ ತಿರುಗ್ತು. ಈಗ ಇಂಡಿಯಾ ಕಂಪನಿದೂ ನಡೆಯುತ್ತೆ ಅಂತ ಫ್ರೆಂಡ್ಸ್ ಹೇಳ್ತಿದಾರೆ. ಅಮ್ಮನಿಗೆ ಬಿಪಿ, ಥೈರಾಯ್ಡ್ ಇದೆ.

ಉತ್ತರ: ಫ್ರೆಂಡ್ಸ್ ಹೆಡ್‌ಲೈನ್ ಮಾತ್ರ ಓದಿದ್ದಾರೆ ಕಣಮ್ಮ. 2025ರ ಜನವರಿಯಿಂದ ಕೆನಡಾದ ಹೊರಗಿನ ಕಂಪನಿಗೂ ಅವಕಾಶ ಕೊಟ್ರು, ಆದ್ರೆ ಆ ಕಂಪನಿ ಕೆನಡಾದ ಹಣಕಾಸು ನಿಯಂತ್ರಕರ ಪಟ್ಟಿಲಿ ಇರ್ಬೇಕು, ಪಾಲಿಸಿ ಅಲ್ಲಿನ ವ್ಯವಹಾರದ ಭಾಗವಾಗೇ ಕೊಟ್ಟಿರ್ಬೇಕು. ಶಿವಮೊಗ್ಗದ ಬಸ್ ಸ್ಟ್ಯಾಂಡ್ ಎದುರಿನ ಆಫೀಸಲ್ಲಿ ಸಿಗೋ ಟ್ರಾವೆಲ್ ಪಾಲಿಸಿ ಅದಲ್ಲ. ಬೇಕಾಗಿರೋದು ಕನಿಷ್ಠ ಒಂದು ಲಕ್ಷ ಕೆನಡಾ ಡಾಲರ್ ಕವರು, ಒಂದು ವರ್ಷದ್ದು, ದುಡ್ಡು ಕಟ್ಟಿದ ಪಾಲಿಸಿ, ಬರೀ ಕೊಟೇಷನ್ ಒಪ್ಪಲ್ಲ. ಕಂತಲ್ಲಿ ಕಟ್ಟೋಕೆ ಬಿಡ್ತಾರೆ. ಡಿಡಕ್ಟಿಬಲ್ ಅಂದ್ರೆ ಮೊದಲ ಇಷ್ಟು ಡಾಲರ್ ನಾವೇ ಕೊಡ್ತೀವಿ ಅನ್ನೋ ಮೊತ್ತ, ಅದನ್ನ ಏರಿಸಿದ್ರೆ ಪ್ರೀಮಿಯಂ ಚೆನ್ನಾಗಿ ಇಳಿಯುತ್ತೆ. ಸಣ್ಣ ಜ್ವರ ನೆಗಡಿಗೆ ಹೇಗೂ ಕ್ಲಿನಿಕ್ಕಿಗೆ ಕೈಯಿಂದಲೇ ಕೊಡ್ತೀರ, ದೊಡ್ಡದಕ್ಕೆ ತಾನೇ ವಿಮೆ. ಅಮ್ಮ ಬೇಗ ವಾಪಸ್ ಹೋದ್ರೆ, ಕ್ಲೇಮ್ ಮಾಡಿಲ್ಲಾಂದ್ರೆ, ಉಳಿದ ತಿಂಗಳ ದುಡ್ಡು ವಾಪಸ್ ಕೊಡೋ ಪಾಲಿಸಿನೇ ಕೇಳಿ.

ನನಗೆ ರೇಟಿಗಿಂತ ಭಯ ಬೇರೆ ಇದೆ. ಆ ಪಾಲಿಸಿಗಳಲ್ಲಿ ಹಳೇ ಕಾಯಿಲೆಗೆ ದುಡ್ಡು ಕೊಡ್ಬೇಕಾದ್ರೆ ಅದು ಸ್ಥಿರವಾಗಿರ್ಬೇಕು ಅಂತ ಒಂದು ಷರತ್ತಿರುತ್ತೆ, ಕೆಲವದ್ರಲ್ಲಿ 90 ದಿನ, ಕೆಲವದ್ರಲ್ಲಿ 180. ಸ್ಥಿರ ಅಂದ್ರೆ ಬಿಪಿ ನಾರ್ಮಲ್ ಅಂತಲ್ಲ, ಮಾತ್ರೆ ಬದಲಾಗಿರಬಾರದು ಅಂತ. ಹೊರಡೋಕೆ ಮುಂಚೆ ಒಂದ್ಸಲ ಚೆಕಪ್ ಮಾಡಿಸಿಬಿಡೋಣ ಅಂತ ಹೋಗ್ತಾರೆ, ಡಾಕ್ಟ್ರು ಒಳ್ಳೇ ಮನಸ್ಸಿಂದ ಐದು ಎಂಜಿ ಮಾತ್ರೆನ ಹತ್ತು ಮಾಡ್ತಾರೆ, ಅಥವಾ ಚೆನ್ನಾಗಿದೆ ಅಂತ ಅರ್ಧಕ್ಕೆ ಇಳಿಸ್ತಾರೆ. ಇಳಿಸಿದ್ರೂ ಎಷ್ಟೋ ಪಾಲಿಸಿಲಿ ಅದು ಬದಲಾವಣೆನೇ. ಮುಂದಿನ ತಿಂಗಳು ಅಲ್ಲಿ ಎದೆ ನೋವು ಬಂದ್ರೆ ಅವರು ಶಿವಮೊಗ್ಗದ ಚೀಟಿ ತರಿಸಿ ತಾರೀಖು ನೋಡ್ತಾರೆ. ಹಾಗಂತ ಅಮ್ಮನಿಗೆ ಬೇಕಾದ ಔಷಧಿ ತಪ್ಪಿಸೋಕೆ ಹೋಗ್ಬೇಡಿ, ಚೆಕಪ್ಪನ್ನ ಈಗಲೇ ಮಾಡಿಸಿ, ಬದಲಾವಣೆ ಇದ್ರೆ ಈಗಲೇ ಆಗಲಿ, ಆಮೇಲೆ ಆ ದಿನಗಳು ಕಳೆದ ಮೇಲೆ ಟಿಕೆಟ್ ಬುಕ್ ಮಾಡಿ. ಸೂಪರ್ ವೀಸಾಲಿ ಒಂದ್ಸಲಕ್ಕೆ ಐದು ವರ್ಷದವರೆಗೂ ಇರಬಹುದು, ಒಂಟಾರಿಯೋ ಸರ್ಕಾರದ ಆರೋಗ್ಯ ವಿಮೆಯ ಓಹಿಪ್ ಕಾರ್ಡ್ ಮಾತ್ರ ಸಿಗಲ್ಲ, ಹಾಗಾಗಿ ಪ್ರತಿ ವರ್ಷ ರಿನೀವಲ್ ಮರೀಬಾರದು.

ಪ್ರಶ್ನೆ: 28 ವರ್ಷ ಒಹಾಯೋದಲ್ಲಿದ್ದು ಈಗ ಮೈಸೂರಿನ ಸರಸ್ವತಿಪುರಂನಲ್ಲಿ ನೆಲೆಸಿದ್ದೇವೆ. ಅಮೆರಿಕನ್ ಪ್ರಜೆ, ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದೆ, ವಯಸ್ಸು 66. ಮೆಡಿಕೇರ್ ಪಾರ್ಟ್ ಬಿಗೆ ತಿಂಗಳಾ ತಿಂಗಳಾ ಕಟ್ಟುತ್ತಿದ್ದೇನೆ, ಇಲ್ಲಿ ಒಂದು ರೂಪಾಯಿ ಉಪಯೋಗವಿಲ್ಲ. ಬಿಟ್ಟರೆ ಆಮೇಲೆ ದಂಡ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಸಾರ್, ಹೌದು, ಒಂದೆರಡು ವಿಚಿತ್ರ ಸಂದರ್ಭ ಬಿಟ್ರೆ ಮೆಡಿಕೇರ್ ಅಮೆರಿಕ ದಾಟಿ ಬರಲ್ಲ. ಮೆಡಿಕೇರ್ ಕೊಡದೆ ಬಿಟ್ಟಿದ್ದನ್ನ ತುಂಬೋ ಖಾಸಗಿ ವಿಮೆ ಮೆಡಿಗ್ಯಾಪ್, ಅದರ ಕೆಲವು ಪಾಲಿಸಿಲಿ ಪರದೇಶದ ತುರ್ತು ಚಿಕಿತ್ಸೆಗೆ 80 ಪರ್ಸೆಂಟ್ ಕೊಡ್ತಾರೆ, ಆದ್ರೆ ಪ್ರವಾಸದ ಮೊದಲ 60 ದಿನ ಮಾತ್ರ, ಜೀವನಪೂರ್ತಿಗೆ ಸೇರಿ 50,000 ಡಾಲರ್ ಮಿತಿ. ದಸರಾ ನೋಡೋಕೆ ಬಂದವರಿಗೆ ಸರಿ, ಮನೆ ಮಾಡ್ಕೊಂಡವರಿಗಲ್ಲ.

ಪಾರ್ಟ್ ಎ ಪುಕ್ಕಟೆ, ಅದು ಇರಲಿ. ಪಾರ್ಟ್ ಬಿ ದಂಡದ ಲೆಕ್ಕ ಪೇಪರಲ್ಲಿ ಹಾಕಿ ನೋಡೋಣ. ಬಿಟ್ಟ ಪ್ರತಿ ಪೂರ್ತಿ ವರ್ಷಕ್ಕೆ ಹತ್ತು ಪರ್ಸೆಂಟ್ ಜಾಸ್ತಿ, ಜೀವನಪೂರ್ತಿ. 2025ರ ದರ 185 ಡಾಲರ್ ಹಿಡಿದ್ರೆ ನಾಲ್ಕು ವರ್ಷ ಬಿಟ್ರೆ ಉಳಿದಿದ್ದು 8,880 ಡಾಲರ್. ದಂಡ 40 ಪರ್ಸೆಂಟ್, ತಿಂಗಳಿಗೆ 74. ಎಂಟು ಸಾವಿರ ಚಿಲ್ಲರೆಯನ್ನ 74ರಿಂದ ಭಾಗಿಸಿ, 120 ತಿಂಗಳು, ಹತ್ತು ವರ್ಷ. ತಮಾಷೆ ಏನಂದ್ರೆ ಎರಡು ವರ್ಷ ಬಿಡಿ, ಏಳು ವರ್ಷ ಬಿಡಿ, ಉತ್ತರ ಯಾವಾಗ್ಲೂ ಹತ್ತು ವರ್ಷವೇ. ದರ ಏರ್ತಾ ಹೋಗುತ್ತಲ್ಲ, ದಂಡವೂ ಏರುತ್ತೆ, ಅದಕ್ಕೆ ಸ್ವಲ್ಪ ಕಮ್ಮಿ ಇಟ್ಕೊಳ್ಳಿ. ಅಂದ್ರೆ ಜನ ಹೆದರಿಸೋ ಅಷ್ಟು ದಂಡ ದೊಡ್ಡದಲ್ಲ.

ದೊಡ್ಡದು ಇನ್ನೊಂದಿದೆ. ಬಿಟ್ಟವರು ಮತ್ತೆ ಸೇರೋಕೆ ಅವಕಾಶ ಜನವರಿಯಿಂದ ಮಾರ್ಚ್ ಮಾತ್ರ, ಸೇರಿದ ಮುಂದಿನ ತಿಂಗಳಿಂದ ಕವರ್. ಏಪ್ರಿಲಲ್ಲಿ ಇಲ್ಲೇನೋ ಗಡ್ಡೆ ಅಂತ ಗೊತ್ತಾಗಿ ಮಗಳ ಹತ್ರ ಹೋಗಿ ತೋರಿಸ್ಕೋಬೇಕು ಅನ್ನಿಸ್ತು ಅನ್ಕೊಳ್ಳಿ, ಡಾಕ್ಟರ್ ಫೀಸಿಗೆ ಕವರ್ ಬರೋದು ಮುಂದಿನ ಫೆಬ್ರವರಿಗೆ. ಪಾರ್ಟ್ ಎ ಇರೋರಿಗೆ ಮಾರ್ಕೆಟ್‌ಪ್ಲೇಸ್ ಪ್ಲ್ಯಾನೂ ಮಾರೋ ಹಾಗಿಲ್ಲ. ಹಾಗಾಗಿ ನೀವೇ ಕೇಳ್ಕೊಳ್ಳಿ: ದೊಡ್ಡ ಕಾಯಿಲೆ ಬಂದ್ರೆ ಇಲ್ಲೇ ಇರ್ತೀವಾ, ಅಲ್ಲಿಗೆ ಹೋಗ್ತೀವಾ? ಹೋಗೋದೇ ಅಂತಿದ್ರೆ ತಿಂಗಳ ಪ್ರೀಮಿಯಂ ಗೊಣಗದೆ ಕಟ್ಟಿ. ಇಲ್ಲೇ ಅಂತ ಗಂಡ ಹೆಂಡತಿ ಇಬ್ಬರೂ ತೀರ್ಮಾನ ಮಾಡಿದ್ರೆ ಮಾತ್ರ ಬಿಡಿ, ಒಬ್ಬರೇ ಮಾಡಿದ್ರೆ ಸಾಲದು. ಆದ್ರೆ ಬಿಡೋಕೆ ಮುಂಚೆ ಇಲ್ಲಿನ ಪಾಲಿಸಿ ಕೈಗೆ ಬಂದಿರ್ಲಿ. ಒಸಿಐನವರಿಗೆ ಇಲ್ಲಿನ ವಿಳಾಸ ತೋರಿಸಿದ್ರೆ ಪಾಲಿಸಿ ಕೊಡೋ ಕಂಪನಿಗಳಿವೆ, ಎಲ್ಲರೂ ಕೊಡಲ್ಲ, ನಾಲ್ಕು ಕಡೆ ಕೇಳಿ. ಕಾಯೋ ಅವಧಿಯಲ್ಲಿ ಹೃದಯದ ತೊಂದರೆ ಏನಾದ್ರೂ ಬಂದ್ರೆ ನಿಮ್ಮ ಊರಲ್ಲೇ ಜಯದೇವ ಇದೆ, ಅಲ್ಲಿನ ಕ್ಯೂ ನೋಡಿ ಗಾಬರಿ ಆಗ್ಬೇಡಿ, ಒಹಾಯೋ ಲೆಕ್ಕದಲ್ಲಿ ಬಿಲ್ಲು ನಗು ಬರೋಷ್ಟು ಕಮ್ಮಿ.

ಪ್ರಶ್ನೆ: ನಮ್ಮ ಮಾವನವರು ವಿಸಿಟರ್ ವೀಸಾದಲ್ಲಿ ನ್ಯೂಜೆರ್ಸಿಗೆ ಬಂದಿದ್ದಾಗ ಎದೆ ನೋವು ಬಂದು ಎರಡು ರಾತ್ರಿ ಅಡ್ಮಿಟ್ ಆದ್ರು. ಬಿಲ್ 38,000 ಡಾಲರ್. ವಿಸಿಟರ್ ಇನ್ಶೂರೆನ್ಸ್‌ನವರು ಹಳೇ ಬಿಪಿ ಅಂತ ಕೈ ಎತ್ತಿದ್ದಾರೆ. ಮಾವ ತುಮಕೂರಿಗೆ ವಾಪಸ್ ಹೋದ್ರು, ಇಲ್ಲಿಗೆ ಪತ್ರ ಬರ್ತಾನೇ ಇದೆ. ನಾವು ಕಟ್ಟಲೇಬೇಕಾ?

ಉತ್ತರ: ಪೂರ್ತಿ ಕಟ್ಟೋಕೆ ಮುಂಚೆ ಮೂರು ಕೆಲಸ ಇದೆ. ಪಾಲಿಸಿ ಪುಸ್ತಕದಲ್ಲಿ ಹಳೇ ಕಾಯಿಲೆಯ ದಿಢೀರ್ ಉಲ್ಬಣ ಅನ್ನೋ ಅರ್ಥದ ಒಂದು ಕಲಮು ಇದೆಯಾ ಹುಡುಕಿ. ಮುನ್ಸೂಚನೆ ಇಲ್ಲದೆ ಬಂದು 24 ಗಂಟೆಯೊಳಗೆ ಆಸ್ಪತ್ರೆಗೆ ಹೋಗಿದ್ರೆ ಕೊಡ್ತೀವಿ ಅಂತ ಎಷ್ಟೋ ಪಾಲಿಸಿಲಿ ಬರೆದಿರ್ತಾರೆ. ಇದ್ರೆ ಅದೇ ಸಾಲು ಎತ್ತಿ ಬರೆದು, ಎಮರ್ಜೆನ್ಸಿಗೆ ಸೇರಿದ ಗಂಟೆ ನಿಮಿಷ ಇರೋ ಕಾಗದ ಲಗತ್ತಿಸಿ ಅಪೀಲ್ ಹಾಕಿ. ಫೋನಲ್ಲಿ ವಾದ ಮಾಡ್ಬೇಡಿ, ಉಪಯೋಗ ಇಲ್ಲ.

ಎರಡನೇದು, ಆಸ್ಪತ್ರೆಗೆ ಒಂದೊಂದು ಐಟಮ್ಮಿನ ಬಿಲ್ ಕೊಡಿ ಅಂತ ಬರೆದು ಕೇಳಿ. ನೀವು ಅಡ್ಮಿಷನ್ ದಿನ ಹಣಕ್ಕೆ ನಾನು ಜವಾಬ್ದಾರಿ ಅಂತ ಎಲ್ಲಾದ್ರೂ ಸೈನ್ ಹಾಕಿದ್ದೀರಾ ಅಂತಲೂ ಆ ಕಾಗದಗಳಲ್ಲಿ ನೋಡಿ, ಹಾಕಿಲ್ಲದಿದ್ರೆ ಸಾಲ ಮಾವನವರ ಹೆಸರಿಂದು, ಸೊಸೆ ಅಂತ ತಾನಾಗೇ ನಿಮ್ಮ ತಲೆಗೆ ಬರಲ್ಲ.

ಮೂರನೇದು ನಮ್ಮವರು ಸಂಕೋಚಕ್ಕೆ ಬಿಟ್ಟುಬಿಡೋದು. ಅಲ್ಲಿ ಲಾಭಕ್ಕಲ್ಲದ ಆಸ್ಪತ್ರೆಗಳು ತೆರಿಗೆ ವಿನಾಯಿತಿ ಉಳಿಸ್ಕೊಳ್ಳೋಕೆ ಕಮ್ಮಿ ಆದಾಯದವರಿಗೆ ಬಿಲ್ ಇಳಿಸೋ ಒಂದು ಯೋಜನೆ ಇಟ್ಕೊಂಡಿರಲೇಬೇಕು. ಡಿಸ್ಚಾರ್ಜ್ ಆದ ಮೇಲಿನ ಮೊದಲ ಬಿಲ್ಲಿಂದ 240 ದಿನದವರೆಗೆ ಅರ್ಜಿ ತಗೋಬೇಕು. ಯಾರಿಗೆ ಎಷ್ಟು ಅನ್ನೋ ನಿಯಮ ಒಂದೊಂದು ಆಸ್ಪತ್ರೆದು ಒಂದೊಂದು ಥರ, ವಿಸಿಟರ್‌ಗೂ ಕೊಡ್ತಾರಾ ಅಂತ ಅವರದ್ದೇ ಫಾರ್ಮಲ್ಲಿ ಓದಿ. ಮಾವನವರ ಪೆನ್ಶನ್ ಸ್ಲಿಪ್ಪು, ಪಾಸ್‌ಬುಕ್ ಪ್ರತಿ ತುಮಕೂರಿಂದ ಸ್ಕ್ಯಾನ್ ಮಾಡಿಸಿ ತರಿಸ್ಕೊಳ್ಳಿ, ರೂಪಾಯಿನ ಡಾಲರ್‌ಗೆ ಬದಲಿಸಿ ಪಕ್ಕದಲ್ಲೇ ಬರೆದು ಕಳಿಸಿ. ಮೊದಲ ಬಿಲ್ಲಿನ ಮೇಲೆ ಯಾವ ತಾರೀಖಿದೆ ನೋಡಿ, ಅಲ್ಲಿಂದ ದಿನ ಎಣಿಸಿ.